‘ವ್ಯರ್ಥ ಶಾಖ’ ಯಾರಿಗೆ ವ್ಯರ್ಥ? ಒಂದು ಪಾಠ, ಒಂದು ಮರುಪಾಠ

ಘಟಕ: ಕೆಲಸ ಮತ್ತು ಶಕ್ತಿ
ಉಪಘಟಕ: ಶಕ್ತಿ ಸಂರಕ್ಷಣಾ ನಿಯಮ
ತರಗತಿ: 9
ಶಾಲೆ: ಕುಂದಗೋಳ ತಾಲೂಕಿನ ಒಂದು ಪ್ರೌಢಶಾಲೆ
ಅವಧಿ: 40 ನಿಮಿಷಗಳ ಎರಡು ಪಾಠ

ಮೊದಲ ಪಾಠ

ಬೋಧನಾಭ್ಯಾಸದ ಮೂರನೆಯ ವಾರ ಶಕ್ತಿ ಸಂರಕ್ಷಣಾ ನಿಯಮದ ಪಾಠ ನನ್ನ ಪಾಲಿಗೆ ಬಂತು. ಮಕ್ಕಳಿಗೆ ಪರಿಚಿತವಾದ ಡೀಸೆಲ್ ಇಂಜಿನ್ನನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಕಪ್ಪುಹಲಗೆಯ ಮೇಲೆ ‘ಡೀಸೆಲ್‌ನ ಶಕ್ತಿ 100, ಉಪಯುಕ್ತ ಕೆಲಸ 30, ವ್ಯರ್ಥ ಶಾಖ 70’ ಎಂದು ಬರೆದೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಟೀಚರ್, ಥಂಡಿ ದಿನದಾಗ ನಾವು ಬಸ್ಸಿನ್ಯಾಗ ಡ್ರೈವರ್ ಬಾಜೂಕ ಬಾನೆಟ್ ಹತ್ರ ಕುಂಡ್ರತೀವ್ರಿ. ಬೆಚ್ಚಗ ಇರತೈತಿ. ಅದು ಹೆಂಗ್ರಿ ವ್ಯರ್ಥ?”

“ಅದು ಬೇರೆ ವಿಷಯ, ಕುಳಿತುಕೋ” ಎಂದು ಹೇಳಿ ಮುಂದೆ ಹೋದೆ. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ.

ಕೊನೆಯ ಮೌಲ್ಯಮಾಪನದಲ್ಲಿ ನಿಯಮದ ಹೇಳಿಕೆಯನ್ನು ಹೆಚ್ಚಿನವರು ತಪ್ಪಿಲ್ಲದೆ ಬರೆದಿದ್ದರು. ಆದರೆ ‘ಇಂಜಿನ್‌ನ ದಕ್ಷತೆ ಹೆಚ್ಚಿದರೆ ಅದು ಹೊರಬಿಡುವ ಶಾಖ ಏನಾಗುತ್ತದೆ?’ ಎಂಬುದಕ್ಕೆ ‘ಹೆಚ್ಚಾಗುತ್ತದೆ’ ಎಂದು ಬರೆದವರೇ ಜಾಸ್ತಿ. ಜೋರಾದ ಇಂಜಿನ್ ಎಂದರೆ ಹೆಚ್ಚು ಕಾಯುವ ಇಂಜಿನ್ ಎಂಬ ಕಲ್ಪನೆ ಅವರಲ್ಲಿ ಹಾಗೆಯೇ ಉಳಿದಿತ್ತು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಪಾಠದ ತಿರುಳು ಆ ಹುಡುಗಿಯ ಪ್ರಶ್ನೆಯಲ್ಲಿತ್ತು.” ಮರುದಿನದ ಅವಧಿಯನ್ನು ಕೇಳಿ ಪಡೆದುಕೊಂಡೆ.

ಮರುಪಾಠ: ಬಲ್ಬಿನಿಂದ ಆರಂಭ

ಈ ಸಲ ಎರಡು ಬಲ್ಬುಗಳನ್ನು ತಂದಿದ್ದೆ: 60 ವ್ಯಾಟ್‌ನ ಹಳೆಯ ತಂತಿ ಬಲ್ಬು, 9 ವ್ಯಾಟ್‌ನ ಎಲ್‌ಇಡಿ ಬಲ್ಬು. ಎರಡರ ಬೆಳಕು ಹೆಚ್ಚುಕಡಿಮೆ ಒಂದೇ. ಎರಡರಿಂದಲೂ ಸಮಾನ ದೂರದಲ್ಲಿ ಥರ್ಮಾಮೀಟರ್ ಹಿಡಿದೆವು. ತಂತಿ ಬಲ್ಬಿನ ಕಡೆಯ ಪಾದರಸ ಬೇಗ ಏರಿತು, ಎಲ್‌ಇಡಿ ಕಡೆಯದು ಕದಲಲಿಲ್ಲ ಎನ್ನಬಹುದು. ‘ಯಾವುದು ಒಳ್ಳೆಯ ಬಲ್ಬು?’ ಎಂದು ಕೇಳಿದೆ. ಎಲ್ಲರೂ ಎಲ್‌ಇಡಿ ಎಂದರು. ‘ಕೋಳಿ ಮರಿಗಳ ಬುಟ್ಟಿಯಲ್ಲಿ ಯಾವುದನ್ನು ಹಾಕುತ್ತೀರಿ?’ ಎಂದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಒಬ್ಬ ಹುಡುಗ ಹೇಳಿದ: “ಹಳೇದ್ರಿ. ಹೊಸಾದು ಹಾಕಿದ್ರ ಮರಿ ಥಂಡಿಗೆ ಸಾಯ್ತಾವ್ರಿ.”

ಬೆಳಕು ಬೇಕಾದವರಿಗೆ ವ್ಯರ್ಥವಾದ ಶಾಖ ಮರಿಗಳಿಗೆ ಜೀವ. ಶಕ್ತಿ ಎಲ್ಲಿಯೂ ನಾಶವಾಗಿಲ್ಲ. ‘ವ್ಯರ್ಥ’ ಎಂಬುದು ನಮ್ಮ ಉದ್ದೇಶವನ್ನು ನೋಡಿ ನಾವು ಇಟ್ಟ ಹೆಸರು. ಇಷ್ಟು ಹೇಳಿ, ಹಿಂದಿನ ದಿನ ಪ್ರಶ್ನೆ ಕೇಳಿದ ಹುಡುಗಿಯನ್ನೇ ಹಲಗೆಗೆ ಕರೆದೆ. ‘ವ್ಯರ್ಥ ಶಾಖ’ ಎಂಬಲ್ಲಿ ‘ವ್ಯರ್ಥ’ವನ್ನು ಅಳಿಸಿ ‘ಉಳಿದ’ ಎಂದು ಬರೆದಳು.

ಲೆಕ್ಕದ ಪಟ್ಟಿ

ಮುಂದೆ ಮಕ್ಕಳೇ ಲೆಕ್ಕ ಮಾಡಿದರು. ಎಲ್ಲ ವಾಹನಗಳೂ ಮಾಡಬೇಕಾದ ಕೆಲಸ 30 ಮಾನ ಎಂದು ಇಟ್ಟುಕೊಂಡೆವು.

ದಕ್ಷತೆ 30 ಶೇಕಡಾ: ಬೇಕಾದ ಶಕ್ತಿ 100, ಶಾಖ 70.
ದಕ್ಷತೆ 40 ಶೇಕಡಾ: ಬೇಕಾದ ಶಕ್ತಿ 75, ಶಾಖ 45.
ವಿದ್ಯುತ್ ಮೋಟಾರು, ದಕ್ಷತೆ 90 ಶೇಕಡಾ: ಬೇಕಾದ ಶಕ್ತಿ ಸುಮಾರು 33, ಶಾಖ ಸುಮಾರು 3.

ದಕ್ಷತೆ ಹೆಚ್ಚಿದಂತೆ ಶಾಖ ಕಡಿಮೆಯಾಗುವುದನ್ನು ನಾನು ಹೇಳಬೇಕಾಗಲಿಲ್ಲ. ‘ಹಾಗಾದರೆ ಚಳಿಯಲ್ಲಿ ಕೂತವರಿಗೆ ಏನಾಗುತ್ತದೆ?’ ಎಂದಷ್ಟೇ ಕೇಳಿದೆ.

ನಮ್ಮ ಕಡೆಯ ಚಳಿಗೆ ಒಂದು ಶಾಲು ಸಾಕು. ಆದರೆ ಈ ತಾಲೂಕಿನ ಮಕ್ಕಳಿಗೆ ಸಿಯಾಚಿನ್ ಅಪರಿಚಿತ ಹೆಸರಲ್ಲ. ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಅಲ್ಲಿಯ ಹಿಮಕುಸಿತದಲ್ಲಿ ಸಿಲುಕಿ, ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕು, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ಮನೆಯಲ್ಲಿ ಕೇಳಿ ಬೆಳೆದವರು ಅವರು. “ಅಂಥಾ ಥಂಡ್ಯಾಗ ಗಾಡ್ಯಾಗ ಕುಂತವರು ಹೆಂಗ ಇರತಾರ್ರಿ?” ಎಂಬ ಪ್ರಶ್ನೆ ತಾನಾಗಿಯೇ ಬಂತು.

ಕಾರಿನಲ್ಲಿ ಬಿಸಿಗಾಳಿ ಬರುವ ಬಗೆಯನ್ನು ಚಿತ್ರ ಬರೆದು ವಿವರಿಸಿದೆ. ಇಂಜಿನ್ನನ್ನು ತಂಪುಮಾಡುವ ನೀರು ಬಿಸಿಯಾಗಿ ರೇಡಿಯೇಟರ್‌ಗೆ ಹೋಗುತ್ತದೆ. ಅದರ ಒಂದು ಪಾಲನ್ನು ಡ್ಯಾಶ್‌ಬೋರ್ಡ್ ಹಿಂದಿರುವ ಇನ್ನೊಂದು ಸಣ್ಣ ರೇಡಿಯೇಟರ್‌ಗೆ ಹಾಯಿಸಿ, ಫ್ಯಾನಿನಿಂದ ಗಾಳಿ ಊದುತ್ತಾರೆ. ಬಸ್ಸಿನ ಬಾನೆಟ್ಟಿನಂತೆಯೇ ಇದೂ ಬಿಟ್ಟಿ ಶಾಖ. 1990ರ ದಶಕದಲ್ಲಿ ಯುರೋಪಿನ ಕಾರುಗಳಲ್ಲಿ ಹೆಚ್ಚು ದಕ್ಷತೆಯ ನೇರ ಇಂಧನ ಚಿಮ್ಮಿಕೆಯ ಡೀಸೆಲ್ ಇಂಜಿನ್‌ಗಳು ಬಳಕೆಗೆ ಬಂದಾಗ ಚಳಿಗಾಲದಲ್ಲಿ ಈ ಶಾಖ ಸಾಲದಾಯಿತು. ಅದಕ್ಕೆ ಪೂರಕ ಹೀಟರ್‌ಗಳು ಬೇಕಾದವು. ಮೂರು ಬಗೆಗಳನ್ನು ಪರಿಚಯಿಸಿದೆ.

1. ವಿದ್ಯುತ್ ಹೀಟರ್: ಇದರಲ್ಲಿ ವಿಶೇಷ ಪಿಂಗಾಣಿಯ ಬಿಲ್ಲೆಗಳಿರುತ್ತವೆ. ಕಾದಂತೆ ಅವುಗಳ ರೋಧ ಹೆಚ್ಚಿ ವಿದ್ಯುತ್ ಪ್ರವಾಹ ತಾನೇ ತಗ್ಗುತ್ತದೆ. ಹೀಗಾಗಿ ಮಿತಿಮೀರಿ ಕಾಯುವುದಿಲ್ಲ.

2. ಇಂಧನ ಹೀಟರ್: ವಾಹನದ ಟ್ಯಾಂಕಿನಿಂದಲೇ ಸ್ವಲ್ಪ ಡೀಸೆಲ್ ತೆಗೆದುಕೊಂಡು ಉರಿಸಿ ನೀರನ್ನು ಅಥವಾ ಗಾಳಿಯನ್ನು ಕಾಯಿಸುತ್ತದೆ. ಇಂಜಿನ್ ಬಂದ್ ಇದ್ದರೂ ನಡೆಯುತ್ತದೆ.

3. ಹೀಟ್ ಪಂಪ್: ಫ್ರಿಜ್ಜಿನ ಕೆಲಸವನ್ನು ತಿರುವಿದ ಹಾಗೆ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಕ್ಕೆ ಸಾಗಿಸುತ್ತದೆ. ಬ್ಯಾಟರಿಯ ಮೇಲಿನ ಹೊರೆ ಕಡಿಮೆಯಾಗುವುದರಿಂದ ಹಲವು ವಿದ್ಯುತ್ ಕಾರುಗಳಲ್ಲಿ ಇದನ್ನು ಬಳಸುತ್ತಾರೆ.

“ಒಳಗ ಒಂದು ಶೆಗಡಿ ಇಟ್ರ ಸಾಲೂದಿಲ್ಲೇನ್ರಿ?” ಎಂದು ಒಬ್ಬ ನಗುತ್ತ ಕೇಳಿದ. ಇದನ್ನು ನಗೆಯಲ್ಲಿ ಬಿಡಲಿಲ್ಲ. ಮುಚ್ಚಿದ ಜಾಗದಲ್ಲಿ ಕೆಂಡವಿಟ್ಟರೆ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿ, ನಿದ್ದೆಯಲ್ಲಿಯೇ ಪ್ರಾಣ ಹೋಗಬಹುದು. ಇಂಧನ ಹೀಟರ್‌ನಲ್ಲಿ ಉರಿಗೆ ಬೇಕಾದ ಗಾಳಿ ಹೊರಗಿನಿಂದ ಬರುತ್ತದೆ, ಹೊಗೆಯೂ ಹೊರಕ್ಕೇ ಹೋಗುತ್ತದೆ. ಮನೆಯಲ್ಲಿ ಬಾಗಿಲು ಕಿಟಕಿ ಮುಚ್ಚಿ ಶೆಗಡಿ ಇಡಬಾರದೆಂಬುದನ್ನೂ ಸೇರಿಸಿ ಹೇಳಿದೆ.

ಕೊನೆಯ ಪ್ರಶ್ನೆ

ಗಂಟೆ ಹೊಡೆಯಲು ಐದು ನಿಮಿಷ ಇತ್ತು. “ಹೀಟರ್‌ಗೂ ಡೀಸೆಲ್ ಸುಟ್ರ ಉಳಿಸಿದ್ದೆಲ್ಲಾ ಹೋತಲ್ರಿ ಟೀಚರ್?” ಎಂಬ ಮಾತು ಬಂತು. ಉತ್ತರ ಕೊಡದೆ ಪಟ್ಟಿಯ ಕಡೆ ಕೈ ತೋರಿಸಿದೆ. ಹೀಟರ್‌ಗೆ 10 ಮಾನ ಎಂದಿಟ್ಟುಕೊಂಡರು. 75ಕ್ಕೆ 10 ಕೂಡಿಸಿದರೆ 85, ಹಳೆಯ ಇಂಜಿನ್ನಿನದು 100. ಅಲ್ಲದೆ ಆ 10 ಚಳಿಯಿದ್ದಾಗ ಮಾತ್ರ, 100 ವರ್ಷವಿಡೀ. ಬೇಸಿಗೆಯಲ್ಲಿ ಅದೇ ಬಾನೆಟ್ ಹತ್ತಿರ ಯಾರೂ ಕೂರುವುದಿಲ್ಲ ಎಂಬುದನ್ನು ಮಕ್ಕಳೇ ನೆನಪಿಸಿದರು. ಬೇಕಾದಾಗ, ಬೇಕಾದಷ್ಟೇ ಶಾಖ ಮಾಡಿಕೊಳ್ಳುವುದು ಸದಾ ಸುರಿಯುವುದಕ್ಕಿಂತ ಅಗ್ಗ ಎಂಬಲ್ಲಿಗೆ ಪಾಠ ಮುಗಿಯಿತು.

ನಾನು ಕಲಿತದ್ದು

ಮೊದಲ ದಿನ ನಿಯಮವನ್ನು ಹೇಳಿಕೆಯಾಗಿ ಕಲಿಸಿದ್ದೆ, ಎರಡನೆಯ ದಿನ ಅದನ್ನೇ ಜಮಾಖರ್ಚಾಗಿ ಕಲಿಸಿದೆ. ಎರಡೂ ಬದಿ ಕೂಡಲೇಬೇಕು ಎಂಬ ಹಟ ಮಕ್ಕಳಲ್ಲಿ ಹುಟ್ಟಿದರೆ ನಿಯಮ ಅರ್ಥವಾದಂತೆ. ಸಹಪ್ರಶಿಕ್ಷಣಾರ್ಥಿಗಳಿಗೆ ಎರಡು ಸೂಚನೆಗಳು. ಉರಿಯುವ ತಂತಿ ಬಲ್ಬು ಕೈ ಸುಡುತ್ತದೆ, ಮಕ್ಕಳಿಗೆ ಮುಟ್ಟಲು ಬಿಡಬೇಡಿ. ಪಾಠಯೋಜನೆಯಲ್ಲಿ ಐದು ನಿಮಿಷವನ್ನು ಖಾಲಿ ಬಿಡಿ. ‘ಅದು ಬೇರೆ ವಿಷಯ’ ಎಂದು ನಾನು ಕೂರಿಸಿದ ಪ್ರಶ್ನೆಯೇ ನನ್ನ ಪಾಠವಾಗಿತ್ತು.