ಚಂದಾ ಕಟ್ಟುವ ಮುನ್ನ ಸಾಧನ ನೋಡಿ

ಹಾಡಿನ ಆ್ಯಪ್‌ಗೆ ದುಡ್ಡು ಕಟ್ಟುವ ಮುನ್ನ ನೀವು ಯಾವುದರಲ್ಲಿ ಹಾಡು ಕೇಳುತ್ತೀರಿ ಎಂದು ನೋಡಿಕೊಳ್ಳಿ: ಫೋನೇ, ಟಿವಿಯೇ, ಸ್ಪೀಕರೇ, ಕಾರೇ?

ಐಫೋನ್ ಜೊತೆಗೆ ಹೋಮ್‌ಪಾಡ್ ಸ್ಪೀಕರ್ ಇದ್ದವರಿಗೆ ಆ್ಯಪಲ್ ಮ್ಯೂಸಿಕ್ ಸಲೀಸು. ಆ್ಯಪಲ್‌ನ ಧ್ವನಿ ಸಹಾಯಕಿ ಸಿರಿಗೆ ಹೇಳಿದರೆ ಹಾಡು ಶುರು. ಬೇರೆ ಬೇರೆ ಕಂಪನಿಗಳ ಟಿವಿ, ಸ್ಪೀಕರ್ ಇರುವ ಮನೆಗೆ ಸ್ಪಾಟಿಫೈ ಚೆನ್ನಾಗಿ ಹೊಂದುತ್ತದೆ. ಅದರ ‘ಕನೆಕ್ಟ್’ ಸೌಲಭ್ಯದಲ್ಲಿ ಫೋನೇ ರಿಮೋಟ್. ಯೂಟ್ಯೂಬ್ ಪ್ರೀಮಿಯಂನ ಪೂರ್ಣ ಚಂದಾ ಈಗಾಗಲೇ ಇದ್ದರೆ ಯೂಟ್ಯೂಬ್ ಮ್ಯೂಸಿಕ್ ಅದರಲ್ಲೇ ಸೇರಿದೆ. ಮತ್ತೊಂದಕ್ಕೆ ದುಡ್ಡು ಸುರಿಯುವ ಮುನ್ನ ಯೋಚಿಸಿ.

‘ಲಾಸ್‌ಲೆಸ್’ (ಗುಣಮಟ್ಟ ಕುಗ್ಗದ ಧ್ವನಿ) ಎಂಬ ಜಾಹೀರಾತಿಗೆ ಮಾತ್ರ ಮರುಳಾಗಬೇಡಿ. ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್‌ಗೆ ಹಾಡು ತಲುಪುವುದೇ ಕುಗ್ಗಿದ ರೂಪದಲ್ಲಿ. ಒಳ್ಳೆಯ ವೈರ್ ಹೆಡ್‌ಫೋನ್ ಅಥವಾ ಸ್ಟೀರಿಯೊ ಇದ್ದರಷ್ಟೇ ಅದಕ್ಕೆ ಅರ್ಥ.

ಡೇಟಾ ಲೆಕ್ಕವೂ ಮುಖ್ಯ. 320 ಕೆಬಿಪಿಎಸ್ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 144 ಎಂಬಿ ಬೇಕು, 96ರಲ್ಲಾದರೆ 43 ಎಂಬಿ ಸಾಕು. ಪ್ರಯಾಣದಲ್ಲಿ, ಅದರಲ್ಲೂ ಘಾಟಿಯಲ್ಲಿ ಸಿಗ್ನಲ್ ಕೈಕೊಡುತ್ತದೆ. ಹೊರಡುವ ಮೊದಲೇ ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ಚಂದಾ ಮುಗಿದರೆ ಆ ಹಾಡುಗಳು ಆಫ್‌ಲೈನ್‌ನಲ್ಲಿ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಮನೆಮಂದಿಯೆಲ್ಲ ಕೇಳುವುದಾದರೆ ಫ್ಯಾಮಿಲಿ ಪ್ಲಾನ್ ಲಾಭ. ಆ್ಯಪಲ್ ಮ್ಯೂಸಿಕ್‌ನಲ್ಲಿ 6 ಜನರವರೆಗೆ ಅವಕಾಶವಿದೆ. ಎಲ್ಲಕ್ಕಿಂತ ಮೊದಲು, ನಿಮಗಿಷ್ಟವಾದ ದಾಸರ ಪದ, ಭಾವಗೀತೆ, ಹಳೆಯ ಚಿತ್ರಗೀತೆಗಳನ್ನು ಹುಡುಕಿ ನೋಡಿ. ಅವು ಸಿಕ್ಕರೆ ಒಂದು ತಿಂಗಳಿಗಷ್ಟೇ ಕಟ್ಟಿ, ಆಟೋಪೇ ನಿಲ್ಲಿಸಿ, ಬಳಸಿ ನೋಡಿ; ಒಗ್ಗಿದರೆ ಮುಂದುವರಿಸಿ.