ಇಂಗ್ಲಿಷ್ ವ್ಯಾಕರಣ: ‘ಪುಟ್’ ಕ್ರಿಯಾಪದದ ಫ್ರೇಸಲ್ ವರ್ಬ್‌ಗಳು

ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆ, 50 ಅಂಕ; ತಪ್ಪು ಉತ್ತರಕ್ಕೆ 0.50 ಅಂಕ ಕಡಿತ. ಊಹಿಸಿ ಉತ್ತರಿಸುವವರು ಹೆಚ್ಚು ಎಡವುವುದು ಫ್ರೇಸಲ್ ವರ್ಬ್‌ಗಳಲ್ಲೇ.

‘ಪುಟ್’ ಎಂದರೆ ಇಡು. ಜೊತೆಗೆ ‘ಆಫ್’, ‘ಔಟ್’ನಂಥ ಪದ ಸೇರಿ ಫ್ರೇಸಲ್ ವರ್ಬ್ ಆದಾಗ ಅರ್ಥ ಬದಲಾಗುತ್ತದೆ. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ಬೆಂಕಿ ನಂದಿಸು, ‘ಪುಟ್ ಡೌನ್’ ಎಂದರೆ ದಂಗೆ ಹತ್ತಿಕ್ಕು. ‘ಪುಟ್ ಆನ್’ಗೆ ಬಟ್ಟೆ ತೊಡು ಎಂಬುದರ ಜೊತೆಗೆ ತೂಕ ಹೆಚ್ಚಿಸಿಕೊ ಎಂಬ ಅರ್ಥವೂ ಇದೆ.

ಗೊಂದಲ ಹುಟ್ಟಿಸುವುದು ‘ಪುಟ್ ಅಪ್’. ಹೋಟೆಲಿನಲ್ಲಿ ತಂಗಿದರೆ ‘ಪುಟ್ ಅಪ್ ಅಟ್ ಎ ಹೋಟೆಲ್’. ‘ವಿತ್’ ಸೇರಿ ‘ಪುಟ್ ಅಪ್ ವಿತ್’ ಆದರೆ ಸಹಿಸಿಕೊ ಎಂದಾಗುತ್ತದೆ. ಈ ಮೂರು ಪದಗಳ ನಡುವೆ ಬೇರೇನೂ ನುಸುಳುವಂತಿಲ್ಲ. ಕರ್ಮಪದ ಕೊನೆಗೇ ಬರಬೇಕು. ‘ಪುಟ್ ಆಫ್’ ಹಾಗಲ್ಲ: ‘ಪುಟ್ ದ ಮೀಟಿಂಗ್ ಆಫ್’, ‘ಪುಟ್ ಆಫ್ ದ ಮೀಟಿಂಗ್’ ಎರಡೂ ಸರಿ. ಆದರೆ ಸರ್ವನಾಮ ಬಂದರೆ ‘ಪುಟ್ ಇಟ್ ಆಫ್’ ಮಾತ್ರ ಸರಿ, ‘ಪುಟ್ ಆಫ್ ಇಟ್’ ತಪ್ಪು. ದೋಷ ಗುರುತಿಸುವ ಪ್ರಶ್ನೆಗೆ ಇದು ಹೇಳಿಮಾಡಿಸಿದ ನಿಯಮ, ಚೆನ್ನಾಗಿ ನೆನಪಿಡಿ. ‘ಪುಟ್ ಆಫ್’ ನಂತರ ಕ್ರಿಯಾಪದ ಬಂದರೆ ಅದು ‘ಇಂಗ್’ ರೂಪದಲ್ಲಿರಬೇಕು: ‘ಪುಟ್ ಆಫ್ ಗೋಯಿಂಗ್’.

ಕನ್ನಡದ ‘ಲೈಟ್ ಹಾಕು’ ಎಂಬ ರೂಢಿಯಿಂದ ನಮ್ಮವರು ‘ಪುಟ್ ದ ಲೈಟ್’ ಎಂದು ಬರೆದುಬಿಡುತ್ತಾರೆ. ಅಲ್ಲಿ ‘ಆನ್’ ಬೇಕೇಬೇಕು. ‘ಸ್ವಿಚ್ ಆನ್’ ಎಂದರೂ ಸರಿ. ಭೂತಕಾಲದಲ್ಲೂ ಭೂತಕೃದಂತದಲ್ಲೂ ರೂಪ ‘ಪುಟ್’ ಎಂದೇ ಇರುತ್ತದೆ.