ಲಂಗರ್ ಪಂಗತಿಯಲ್ಲಿ ಕೂರುವ ಮುನ್ನ

ಪ್ರಶ್ನೆ: ಬೀದರಿನ ಗುರುದ್ವಾರಕ್ಕೆ ಮನೆಮಂದಿಯೆಲ್ಲ ಹೊರಟಿದ್ದೇವೆ. ನಾವು ಜೈನರು, ಈರುಳ್ಳಿ-ಬೆಳ್ಳುಳ್ಳಿ ತಿನ್ನುವುದಿಲ್ಲ. ಅಲ್ಲಿ ಉಣ್ಣಬಹುದೇ? ದುಡ್ಡೆಷ್ಟು?
– ಕಾಗವಾಡದ ಓದುಗರು

ಉತ್ತರ: ಅಲ್ಲಿನ ಗುರು ನಾನಕ್ ಝೀರಾ ಸಾಹಿಬ್ ಗುರುದ್ವಾರದ ಲಂಗರ್‌ನಲ್ಲಿ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಊಟದ ಮನೆಯಲ್ಲಿ, ಜಾತಿ-ಮತ ಕೇಳುವುದಿಲ್ಲ, ಊಟಕ್ಕೆ ದುಡ್ಡೂ ಕೇಳುವುದಿಲ್ಲ. ಅಡುಗೆ ಸಸ್ಯಾಹಾರ. ಆದರೆ ದಾಲ್-ಪಲ್ಯದ ಒಗ್ಗರಣೆಗೆ ಈರುಳ್ಳಿ ಬಿದ್ದಿರಬಹುದು, ಬಡಿಸುವವರನ್ನು ಕೇಳಿಯೇ ತಟ್ಟೆಗೆ ಹಾಕಿಸಿಕೊಳ್ಳಿ. ನಿಮಗಾಗಿ ಬೇರೆ ಒಲೆ ಹೊತ್ತಿಸಲಾರರು, ಕೇಳಲೂ ಬೇಡಿ. ಸೂರ್ಯ ಮುಳುಗುವ ಮೊದಲೇ ಉಣ್ಣುವ ಹಿರಿಯರಿದ್ದರೆ ಮಧ್ಯಾಹ್ನಕ್ಕೇ ತಲುಪಿ.

ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಅಜ್ಜನ ಪಟಗ ನಡೆಯುತ್ತದೆ. ಟೋಪಿ ಹಾಕುವವರು ಅದನ್ನು ತೆಗೆದು ವಸ್ತ್ರ ಸುತ್ತಿಕೊಳ್ಳುವುದೇ ಸರಿ. ನೆಲದ ಮೇಲೆ ಸಾಲಾಗಿ ಕೂತಾಗ ರೊಟ್ಟಿ ಬಂದರೆ ಎರಡೂ ಕೈ ಒಡ್ಡಿ ಇಸಕೊಳ್ಳಿ. ಬೇಕಾದಷ್ಟು ಸಲ ಹಾಕಿಸಿಕೊಳ್ಳಿ, ತಟ್ಟೆಯಲ್ಲಿ ಮಾತ್ರ ಬಿಡಬೇಡಿ.

ಪ್ರಶ್ನೆ: ಅಪ್ಪನಿಗೆ ಊಟ ಆದ ಕೂಡಲೇ ತಂಬಾಕು ಬೇಕು. ಏನು ಮಾಡುವುದು?
– ನಿಪ್ಪಾಣಿ

ಉತ್ತರ: ನಿಪ್ಪಾಣಿಯವರೇ ಕೇಳಬೇಕಾದ ಪ್ರಶ್ನೆ! ಸಿಖ್ಖರಿಗೆ ತಂಬಾಕು ಕಡು ನಿಷಿದ್ಧ. ತಂಬಾಕಿನ ಚೀಟಿ, ಸುಣ್ಣದ ಡಬ್ಬಿ, ಬೀಡಿ ಯಾವುದನ್ನೂ ಒಳಗೆ ಒಯ್ಯಬೇಡಿ, ಗಾಡಿಯಲ್ಲೇ ಇರಲಿ.

ಪ್ರಶ್ನೆ: ನಮ್ಮ ಮಠದ ದಾಸೋಹಕ್ಕೂ ಲಂಗರ್‌ಗೂ ಏನು ಫರಕು?
– ಅಥಣಿ

ಉತ್ತರ: ಬೇರು ಹೆಚ್ಚುಕಡಿಮೆ ಒಂದೇ. ದುಡಿದು ತಿನ್ನು, ಹಂಚಿ ತಿನ್ನು ಎಂಬುದನ್ನು ಕಲ್ಯಾಣದ ಶರಣರು 12ನೇ ಶತಮಾನದಲ್ಲಿ ಹೇಳಿದರು. 1469ರಲ್ಲಿ ಹುಟ್ಟಿದ ನಾನಕರು ಪಂಜಾಬಿನಲ್ಲಿ ಹೇಳಿದರು. ಫರಕು ಇರುವುದು ಕೂರಿಸುವ ಕಟ್ಟುನಿಟ್ಟಿನಲ್ಲಿ. ಸಿಖ್ಖರ ಮೂರನೆಯ ಗುರು ಅಮರದಾಸರು ತಮ್ಮನ್ನು ಕಾಣಬಂದವರು ಮೊದಲು ಪಂಗತಿಯಲ್ಲಿ ಉಣ್ಣಲಿ ಎಂದು ವಿಧಿಸಿದರು. ಅಕ್ಬರ ಬಾದಶಹನೂ ಹಾಗೇ ಕೂತನೆಂದು ಸಿಖ್ಖರು ಹೇಳುತ್ತಾರೆ. ನಮ್ಮ ಜಾತ್ರೆಗಳಲ್ಲೋ, ಹುಗ್ಗಿ ಎಲ್ಲರಿಗೂ ಒಂದೇ ಕೊಪ್ಪರಿಗೆಯದು, ಆದರೆ ಗಣ್ಯರಿಗೆ ಒಳಗೊಂದು ಕೋಣೆ, ಮೇಜು-ಕುರ್ಚಿ. ಅದನ್ನು ತೆಗೆಯಲು ಹೊಸ ಶಾಸ್ತ್ರವೇನೂ ಬೇಕಿಲ್ಲ, ಜಾತ್ರಾ ಕಮಿಟಿಯ ಒಂದು ಠರಾವು ಸಾಕು.

ಪ್ರಶ್ನೆ: ಪುಕ್ಕಟೆ ಉಣ್ಣಲು ಸಂಕೋಚ. ಏನಾದರೂ ಕೊಡಬಹುದೇ?
– ರಾಯಬಾಗ

ಉತ್ತರ: ಕಾಣಿಕೆ ಹಾಕಬಹುದು, ಗೋಧಿಹಿಟ್ಟು, ಬೇಳೆ ಕೊಡಬಹುದು. ಸಿಖ್ಖರು ಗಳಿಕೆಯ ಹತ್ತರಲ್ಲೊಂದು ಪಾಲು ತೆಗೆದಿಡುವುದೇ ಇಂಥದ್ದಕ್ಕೆ. ಆದರೆ ಅಲ್ಲಿ ಹೆಚ್ಚು ಬೆಲೆ ಕೈಕೆಲಸಕ್ಕೆ. ಉಂಡೆದ್ದ ಮೇಲೆ ತಟ್ಟೆ ತೊಳೆಯುವ ಕಡೆ ಹೋಗಿ ನಿಲ್ಲಿ, ಜಾಗ ಬಿಡುತ್ತಾರೆ.